ಐರ್ಲೆಂಡ್ ಒಡೆದದ್ದು ಒಪ್ಪಂದಕ್ಕೂ ಮೊದಲೇ

ಮಾನ್ಯ ಸಂಪಾದಕರೇ,

ಐರಿಷ್ ಸ್ವಾತಂತ್ರ್ಯ ಹೋರಾಟದ ನಾಯಕ ಮೈಕೆಲ್ ಕಾಲಿನ್ಸ್ ಬ್ರಿಟನ್ ಜೊತೆಗಿನ 1921ರ ಡಿಸೆಂಬರ್ 6ರ ಒಪ್ಪಂದಕ್ಕೆ ಸಹಿ ಹಾಕಿ ಐರ್ಲೆಂಡನ್ನು ಇಬ್ಭಾಗ ಮಾಡಿದರು ಎಂಬ ಮಾತು ಆ ದೇಶದ ಕುರಿತ ಬರಹಗಳಲ್ಲಿ ಪದೇ ಪದೇ ಬರುತ್ತದೆ. ತಾರೀಕುಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಇದು ನಿಲ್ಲುವುದಿಲ್ಲ. ದ್ವೀಪವನ್ನು ಎರಡು ಮಾಡಿದ್ದು ಬ್ರಿಟಿಷ್ ಸಂಸತ್ತಿನ 1920ರ ಕಾಯ್ದೆ. ವಿಭಜನೆ ಜಾರಿಗೆ ಬಂದದ್ದು 1921ರ ಮೇ 3ರಂದು. ಜೂನ್ 22ಕ್ಕೆ ಐದನೇ ಜಾರ್ಜ್ ದೊರೆ ಬೆಲ್‌ಫಾಸ್ಟಿಗೆ ಬಂದು ಉತ್ತರದ ಸಂಸತ್ತನ್ನು ಉದ್ಘಾಟಿಸಿಯೂ ಆಯಿತು. ಐರಿಷ್ ಹೋರಾಟಗಾರರಿಗೂ ಬ್ರಿಟಿಷರಿಗೂ ನಡೆದಿದ್ದ ಕದನ ನಿಂತದ್ದು ಜುಲೈ 11ಕ್ಕೆ. ಕಾಲಿನ್ಸ್ ಮತ್ತು ಅವರ ಜೊತೆಗಾರ ಆರ್ಥರ್ ಗ್ರಿಫಿತ್ ಲಂಡನ್ನಿನಲ್ಲಿ ಮಾತುಕತೆಗೆ ಕೂತದ್ದು ಇದೆಲ್ಲ ಮುಗಿದ ಮೇಲೆ.

ಐರ್ಲೆಂಡಿನ ಉತ್ತರದ ಅಲ್‌ಸ್ಟರ್ ಪ್ರಾಂತ್ಯದಲ್ಲಿ ಒಂಬತ್ತು ಕೌಂಟಿಗಳಿದ್ದವು (ನಮ್ಮ ಜಿಲ್ಲೆಗಳಂತೆ). ಒಂಬತ್ತನ್ನೂ ಒಟ್ಟಿಗಿಡೋಣ ಎಂದು ಬ್ರಿಟಿಷ್ ಸಚಿವ ಸಂಪುಟದ ಸಮಿತಿ ಸೂಚಿಸಿತ್ತು. ಬೇಡ ಎಂದವರು ಬ್ರಿಟನ್ ಜೊತೆಗೇ ಇರಬೇಕೆಂದಿದ್ದ, ಹೆಚ್ಚಾಗಿ ಪ್ರಾಟೆಸ್ಟಂಟರಾದ ಯೂನಿಯನಿಸ್ಟರು. ಡೊನೆಗಾಲ್, ಕ್ಯಾವನ್, ಮೊನಹನ್ ಸೇರಿಸಿಕೊಂಡರೆ ಕ್ಯಾಥೊಲಿಕರು ಶೇ 40 ದಾಟುತ್ತಿದ್ದರು, ಕೈಬಿಟ್ಟರೆ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತಿದ್ದರು. ಇದೇ ತರ್ಕದ ಪ್ರಕಾರ ಕ್ಯಾಥೊಲಿಕರೇ ಹೆಚ್ಚಿದ್ದ ಟೈರೋನ್, ಫರ್ಮನಾಗಳನ್ನೂ ಬಿಡಬೇಕಿತ್ತು. ಬಿಡಲಿಲ್ಲ, ಏಕೆಂದರೆ ನಾಲ್ಕೇ ಕೌಂಟಿಗಳಲ್ಲಿ ಆಡಳಿತ ನಡೆಸುವುದು ಕಷ್ಟ.

ಒಪ್ಪಂದದಲ್ಲಿ ತಪ್ಪು ಹುಡುಕುವವರು 12ನೇ ವಿಧಿಯನ್ನು ಓದಬೇಕು. ಗಡಿ ಆಯೋಗವು ನಿವಾಸಿಗಳ ಇಚ್ಛೆಯಂತೆ, ಆದರೆ ಆರ್ಥಿಕ ಮತ್ತು ಭೌಗೋಳಿಕ ಪರಿಸ್ಥಿತಿಗೆ ಹೊಂದುವಷ್ಟು ಮಟ್ಟಿಗೆ, ಗೆರೆ ಎಳೆಯಬೇಕು ಎಂದು ಅಲ್ಲಿತ್ತು. ಇಚ್ಛೆಯನ್ನು ತಿಳಿಯುವುದು ಹೇಗೆ? ಜನಮತ ಗಣನೆಯ ಪ್ರಸ್ತಾಪವೇ ಇಲ್ಲ. ಎಣಿಸಬೇಕಾದ ಘಟಕ ಕೌಂಟಿಯೋ, ಅದಕ್ಕಿಂತ ಚಿಕ್ಕ ಪ್ಯಾರಿಷೋ? ಅದೂ ಇಲ್ಲ. ಅದೇ ಕಾಲದಲ್ಲಿ ಶ್ಲೆಸ್ವಿಗ್‌ನಲ್ಲಿ, ಮೇಲಿನ ಸಿಲೇಸಿಯಾದಲ್ಲಿ ಮತ ಹಾಕಿಸಿಯೇ ಗಡಿ ನಿಗದಿ ಮಾಡಿದ್ದರು. ಮಾದರಿ ಕಣ್ಣೆದುರೇ ಇತ್ತು. ಹೀಗಾಗಿ ಆಯೋಗದ ಅಧ್ಯಕ್ಷ, ದಕ್ಷಿಣ ಆಫ್ರಿಕಾದ ನ್ಯಾಯಾಧೀಶ ರಿಚರ್ಡ್ ಫೀಥಮ್, ಸಣ್ಣಪುಟ್ಟ ತಿದ್ದುಪಡಿಗಷ್ಟೇ ಅವಕಾಶ ಎಂದು ಅರ್ಥ ಮಾಡಿದಾಗ ದಕ್ಷಿಣದ ಡಬ್ಲಿನ್ ಸರ್ಕಾರಕ್ಕೆ ತೋರಿಸಲು ಒಂದು ಪದವೂ ಇರಲಿಲ್ಲ. ಕ್ಯಾಥೊಲಿಕರೇ ಹೆಚ್ಚಿದ್ದ ನ್ಯೂರಿ ಪಟ್ಟಣ ಆರ್ಥಿಕ ಕಾರಣ ಹೇಳಿಸಿಕೊಂಡು ಉತ್ತರದಲ್ಲೇ ಉಳಿಯಿತು. ಮೇಲಾಗಿ ಪೂರ್ವ ಡೊನೆಗಾಲಿನ ಒಂದಿಷ್ಟು ಭಾಗ ಉತ್ತರಕ್ಕೆ ಹೋಗಬೇಕು ಎಂದಾಯಿತು!

1925ರ ನವೆಂಬರ್ 7ರಂದು 'ಮಾರ್ನಿಂಗ್ ಪೋಸ್ಟ್' ಪತ್ರಿಕೆ ಆಯೋಗದ ಈ ಗುಟ್ಟನ್ನು ಹೊರಹಾಕಿತು. ಆಯೋಗದಲ್ಲಿದ್ದ ಡಬ್ಲಿನ್‌ನ ಪ್ರತಿನಿಧಿ ಓಯಿನ್ ಮ್ಯಾಕ್‌ನೀಲ್ ರಾಜೀನಾಮೆ ಕೊಟ್ಟರು. ಡಿಸೆಂಬರ್ 3ರಂದು ಲಂಡನ್, ಡಬ್ಲಿನ್, ಬೆಲ್‌ಫಾಸ್ಟಿನ ಮೂರು ಸರ್ಕಾರಗಳೂ ಇದ್ದ ಗಡಿಯನ್ನೇ ಒಪ್ಪಿ ಕೈತೊಳೆದುಕೊಂಡವು. ಬ್ರಿಟನ್ನಿನ ರಾಷ್ಟ್ರೀಯ ಸಾಲದಲ್ಲಿ ಪಾಲು ಕೊಡುವ ಹೊರೆಯಿಂದ ದಕ್ಷಿಣ ಬಿಡುಗಡೆ ಪಡೆಯಿತು. ಆಯೋಗದ ವರದಿ ಪ್ರಕಟವಾದದ್ದು 1969ರಲ್ಲಿ.

ಐರಿಷ್ ನಾಯಕ ಡಿ ವಲೆರಾ ವಿಭಜನೆಗಾಗಿಯೇ ಒಪ್ಪಂದವನ್ನು ವಿರೋಧಿಸಿದರು ಎಂಬುದೂ ಅರ್ಧ ಸತ್ಯ. ಅವರು ಮುಂದಿಟ್ಟ ಪರ್ಯಾಯ ಕರಡಿನಲ್ಲಿ ಅಲ್‌ಸ್ಟರ್ ಕುರಿತ ವಿಧಿಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಒಪ್ಪಂದದ ಪರ 64-57 ಮತಗಳಲ್ಲಿ ಮುಗಿದ ಡಾಲ್ (ಐರಿಷ್ ಸಂಸತ್ತು) ಚರ್ಚೆಯ ಬಹುಪಾಲು ಹೊತ್ತು ಹೋದದ್ದು ದೊರೆಗೆ ನಿಷ್ಠೆಯ ಪ್ರಮಾಣದ ಸುತ್ತ.

ಉಳಿದ ಗಡಿಯ ಪಾಡು ನೋಡಬೇಕಾದರೆ ನಕ್ಷೆಯಲ್ಲಿ, ಎರಡೂ ದಕ್ಷಿಣದಲ್ಲೇ ಇರುವ, ಕ್ಲೋನ್ಸ್‌ನಿಂದ ಕ್ಯಾವನ್‌ಗೆ ಹೋಗುವ ರಸ್ತೆಯ ಮೇಲೆ ಬೆರಳಿಡಿ. ರಾಜ್ಯ ಎರಡಾಗುತ್ತದೆಂದು ಕನಸಿನಲ್ಲೂ ನೆನೆಯದ ಕಾಲದಲ್ಲಿ ಎಳೆದ ಕೌಂಟಿ ಗೆರೆಯನ್ನೇ ದೇಶದ ಗಡಿ ಮಾಡಿದ್ದರಿಂದ, ಒಂದೇ ರಸ್ತೆ ಕೆಲವೇ ಮೈಲಿಗಳಲ್ಲಿ ನಾಲ್ಕು ಬಾರಿ ಗಡಿ ದಾಟುತ್ತದೆ. 1923ರ ಏಪ್ರಿಲ್ 1ರಿಂದ ಈ ಗಡಿಯಲ್ಲಿ ಸುಂಕದ ಕಟ್ಟೆಗಳೂ ಬಂದವು.

– ಒಬ್ಬ ಓದುಗ