ಕಡ್ಡಿ ಲೂಸ್ ಆದರೆ ಇನ್ನು ಚಕ್ರ ಬಿಟ್ಟು ಹೋಗಿ

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ಮಳೆ ಬಿಟ್ಟ ಕೂಡಲೇ ನಮ್ಮ ಸೈಕಲ್ ಅಂಗಡಿಯಲ್ಲಿ ದಿನಾ ಕೇಳುವ ಮಾತು ಒಂದಿದೆ: "ಅಣ್ಣಾ, ಒಂದು ಕಡ್ಡಿ ಲೂಸ್ ಆಗಿದೆ, ಸ್ವಲ್ಪ ಟೈಟ್ ಮಾಡಿ ಕೊಡಿ, ಇಲ್ಲೇ ನಿಂತಿರ್ತೇನೆ." ಬರುವ ತಿಂಗಳಿಂದ ಆ ಕೆಲಸ ಇಲ್ಲ. ಚಕ್ರ ಬಿಟ್ಟು ಹೋಗಿ, ಮರುದಿನ ಸಂಜೆ ಬನ್ನಿ. ಒಂದು ಚಕ್ರಕ್ಕೆ 150 ರೂಪಾಯಿ, ಹೊಸ ಕಡ್ಡಿ ಹಾಕಿದರೆ ಅದರ ದುಡ್ಡು ಬೇರೆ.

ಒಂದು ಕಡ್ಡಿಗೆ ಇಷ್ಟೊಂದಾ ಅಂತ ಕೇಳುವವರು ಇರುತ್ತಾರೆ, ಕೇಳಬೇಕಾದ್ದೇ. ಆದರೆ ಒಂದೇ ಕಡ್ಡಿ ಲೂಸ್ ಆಗುವುದು ಅಪರೂಪ. ಹಳೇ ಕಪ್ಪು ಸೈಕಲ್‌ಗೆ ಸಾಮಾನ್ಯವಾಗಿ ಮುಂದೆ 32 ಕಡ್ಡಿ, ಹಿಂದೆ 40. ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ರಿಮ್ಮನ್ನು ಎಳೆದು ಹಿಡಿದಿರುತ್ತವೆ. ಸಡಿಲವಾದ ಒಂದನ್ನೇ ಗಟ್ಟಿಯಾಗಿ ತಿರುಗಿಸಿದರೆ ರಿಮ್ ಆ ಕಡೆಗೇ ವಾಲುತ್ತದೆ, ಆಮೇಲೆ ಬ್ರೇಕ್ ರಬ್ಬರಿಗೆ ಸರ್ ಸರ್ ಅಂತ ತಾಗುತ್ತದೆ. ಸರಿಯಾಗಿ ಬೆಂಡ್ ತೆಗೆಯಬೇಕು ಅಂದರೆ ಒಂದು ಕಡೆ ಕಾಲು ಸುತ್ತು ಬಿಗಿ ಮಾಡಿ, ಎದುರು ಕಡೆ ಅಷ್ಟೇ ಸಡಿಲ ಬಿಟ್ಟು, ಚಕ್ರ ತಿರುಗಿಸಿ ನೋಡಿ, ಮತ್ತೆ ಕಾಲು ಸುತ್ತು, ಹೀಗೆ ಹೋಗಬೇಕು. ಅವಸರ ನಡೆಯುವುದಿಲ್ಲ.

ರಾತ್ರಿ ಯಾಕೆ ಇಟ್ಟುಕೊಳ್ಳುತ್ತೇವೆ ಅಂದರೆ, ತುಕ್ಕು. ನಮ್ಮೂರಿನ ಉಪ್ಪು ಗಾಳಿ, ಮಳೆ ಗೊತ್ತಲ್ವಾ, ನಿಪ್ಪಲ್, ಅಂದರೆ ಕಡ್ಡಿಯ ತುದಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್, ಒಳಗೇ ಕಚ್ಚಿಕೊಂಡಿರುತ್ತದೆ. ಹಾಗೇ ಕೀ ಹಾಕಿ ತಿರುಗಿಸಿದರೆ ಒಂದೋ ನಿಪ್ಪಲ್‌ನ ಮೂಲೆ ಸವೆದುಹೋಗುತ್ತದೆ, ಇಲ್ಲವೇ ನಿಪ್ಪಲ್ ಜೊತೆ ಕಡ್ಡಿಯೇ ತಿರುಚಿಕೊಳ್ಳುತ್ತದೆ. ನೋಡಲು ಟೈಟ್, ಆದರೆ ನಾಲ್ಕು ಗುಂಡಿ ಹಾರಿದ ಮೇಲೆ ಕಡ್ಡಿ ತಿರುಚು ಬಿಟ್ಟು ಮತ್ತೆ ಲೂಸ್. ಸಂಜೆ ಒಂದೊಂದು ನಿಪ್ಪಲ್‌ಗೂ ಒಂದು ಹನಿ ಎಣ್ಣೆ ಬಿಟ್ಟು ಇಟ್ಟರೆ ಬೆಳಿಗ್ಗೆ ಕೆಲಸ ಎಷ್ಟೋ ಸಲೀಸು. ಲೂಸ್ ಕಡ್ಡಿಯಲ್ಲೇ ಓಡಿಸಿಕೊಂಡು ಇದ್ದರೆ ಅದು ಚಕ್ರದ ನಡುವಿನ ಹಬ್ ಹತ್ತಿರದ ಬಾಗಿನಲ್ಲಿ ಮುರಿಯುತ್ತದೆ. ಅದೂ ಹೆಚ್ಚಾಗಿ ಹಿಂದಿನ ಚಕ್ರದಲ್ಲೇ, ಭಾರ ಬೀಳುವುದು ಅಲ್ಲಿಗೆ ತಾನೆ.

ತರುವ ಮುಂಚೆ ಮನೆಯಲ್ಲೇ ನೋಡಬಹುದು. ಒಂದೇ ಬದಿಯ ಎರಡೆರಡು ಕಡ್ಡಿ ಹಿಡಿದು ಒತ್ತುತ್ತಾ ಹೋಗಿ, ಮೆತ್ತಗೆ ಬಾಗಿದ್ದು ಲೂಸ್. ಬೆರಳಲ್ಲಿ ಮೀಟಿದರೂ ತಿಳಿಯುತ್ತದೆ, ಬಿಗಿ ಇದ್ದದ್ದು ಟಣ್ ಅನ್ನುತ್ತದೆ, ಲೂಸ್ ಇದ್ದದ್ದಕ್ಕೆ ದನಿಯೇ ಇಲ್ಲ. ಗೇರ್ ಸೈಕಲ್‌ನ ಹಿಂದಿನ ಚಕ್ರದಲ್ಲಿ ಚೈನ್ ಕಡೆ ಬಿಗಿ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಇರುತ್ತದೆ. ಅದು ಹಾಗೇ ಇರಬೇಕು, ಸುಮ್ನೆ ಸಮ ಮಾಡಲು ಹೋಗಬೇಡಿ. ಮಣಿಪಾಲದ ಹಾಸ್ಟೆಲ್ ಹುಡುಗರಿಗೆ ಇನ್ನೊಂದು ಮಾತು: ಡಿಸ್ಕ್ ಬ್ರೇಕ್ ಇದ್ದರೆ ರಿಮ್ ಬೆಂಡ್ ಆದರೂ ಬ್ರೇಕ್‌ಗೆ ತಾಗುವುದಿಲ್ಲ, ಗೊತ್ತೇ ಆಗುವುದಿಲ್ಲ. ಆಗಾಗ ಚಕ್ರ ಎತ್ತಿ ತಿರುಗಿಸಿ ನೋಡಿ.

ಪೇಪರ್, ಹಾಲು ಹಾಕುವವರಿಗೆ ಮರುದಿನದವರೆಗೆ ಕಾಯಲು ಆಗುವುದಿಲ್ಲ, ನಮಗೂ ಗೊತ್ತು. ಅವರಿಗೆ ಬದಲಿ ಚಕ್ರ ಹಾಕಿ ಕಳಿಸುತ್ತೇವೆ, ಅದಕ್ಕೆ ದುಡ್ಡಿಲ್ಲ. ಇಲ್ಲೇ ಹೊಸ ಕಡ್ಡಿ ಕಟ್ಟಿಸಿದ ಚಕ್ರವನ್ನು ಎರಡು ವಾರ ಓಡಿಸಿ ಒಮ್ಮೆ ತನ್ನಿ, ಹೊಸತರಲ್ಲಿ ಸ್ವಲ್ಪ ಸಡಿಲ ಆಗುತ್ತದೆ. ಆ ಬಿಗಿ ಪುಕ್ಕಟೆ. ಭಾನುವಾರ ಅಂಗಡಿ ರಜೆ, ಶನಿವಾರ ಬಿಟ್ಟ ಚಕ್ರ ಸೋಮವಾರ ಸಂಜೆಗೆ.