ನೆಟ್ ಹಾಕಿ ಹೋಗುವವರು ನಾಲ್ಕು ಸಾಲು ಬರೆದಿಟ್ಟು ಹೋಗಲಿ

ಮಾನ್ಯ ಸಂಪಾದಕರೇ,

ನನ್ನ ಭಾವ ತಿಪಟೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾರೆ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಹಾಲ್ ಟಿಕೆಟ್ ಅಂತ ದಿನವೂ ಜನ ಬರುತ್ತಾರೆ. ಹೋದ ತಿಂಗಳು ಹಳೆಯ ಕನೆಕ್ಷನ್ ಬಿಟ್ಟು ಬೇರೆಯವರಿಂದ ಫೈಬರ್ ಹಾಕಿಸಿದರು. ಹೊಸ ರೂಟರ್ ಬಂತು, ಮನೆಯವರ ಮೊಬೈಲ್‌ಗಳಿಗೆಲ್ಲ ನೆಟ್ ಬಂತು, ಟಿವಿಗೂ ಬಂತು, ಅಂಗಡಿಯ ಕಂಪ್ಯೂಟರ್‌ಗೆ ಮಾತ್ರ ಬರಲಿಲ್ಲ. ನೆಟ್‌ನವರಿಗೆ ಫೋನ್ ಮಾಡಿದರೆ "ನಮ್ಮ ಲೈನ್ ಸರಿಯಾಗಿದೆ" ಎಂದರು. ರಿಪೇರಿಯವರು ಬಂದು "ಲ್ಯಾನ್ ಕಾರ್ಡ್ (ಕಂಪ್ಯೂಟರ್‌ನಲ್ಲಿ ನೆಟ್ ವೈರ್ ಸಿಕ್ಕಿಸುವ ಭಾಗ) ಹೋಗಿದೆ, ಹೊಸದು ಹಾಕಿಸಿ" ಎಂದರು. ಮೂರು ದಿನ ಅರ್ಜಿ ಹಿಡಿದು ಬಂದ ಮಕ್ಕಳನ್ನು ವಾಪಸ್ ಕಳಿಸಿದ್ದಾಯಿತು.

ಭಾನುವಾರ ನಾನು ಹೋಗಿ ನೋಡಿದೆ. ಕಾರ್ಡ್‌ಗೆ ಏನೂ ಆಗಿರಲಿಲ್ಲ. ಹಿಂದೆ ಯಾರೋ ಪ್ರಿಂಟರ್ ಶೇರ್ ಮಾಡಲು ಅಂತ ಆ ಕಂಪ್ಯೂಟರ್‌ನಲ್ಲಿ ಐಪಿ, ಗೇಟ್‌ವೇ, ಡಿಎನ್‌ಎಸ್ ಮೂರನ್ನೂ ಟೈಪ್ ಮಾಡಿಟ್ಟಿದ್ದರು. ಐಪಿ ಅಂದರೆ ಮನೆಯ ನೆಟ್‌ನಲ್ಲಿ ಆ ಕಂಪ್ಯೂಟರ್‌ನ ನಂಬರು. ಗೇಟ್‌ವೇ ಅಂದರೆ ಮನೆಯಿಂದ ಹೊರಗೆ ಹೋಗುವ ಬಾಗಿಲು, ಅಂದರೆ ರೂಟರ್‌ನ ನಂಬರು. ಡಿಎನ್‌ಎಸ್ ವಿಷಯ ಮುಂದೆ ಹೇಳುತ್ತೇನೆ. ಹಳೆಯ ರೂಟರ್‌ನದು 192.168.1.1 ಇತ್ತು. ಹೊಸದರದ್ದು 192.168.0.1. ಪಾಪ, ಆ ಕಂಪ್ಯೂಟರ್ ಇಲ್ಲದ ಬಾಗಿಲನ್ನೇ ಮೂರು ದಿನ ತಟ್ಟುತ್ತಾ ಕೂತಿತ್ತು. ಮೊಬೈಲ್‌ಗಳಿಗೆ ತೊಂದರೆ ಆಗಲಿಲ್ಲ, ಯಾಕಂದರೆ ಅವು ವೈಫೈಗೆ ಸೇರಿದ ಕೂಡಲೇ ಈ ನಂಬರ್‌ಗಳನ್ನು ರೂಟರ್‌ನಿಂದಲೇ ಕೇಳಿ ಪಡೆಯುತ್ತವೆ.

ಐಪಿ, ಗೇಟ್‌ವೇ ಎರಡನ್ನೂ ಬದಲಿಸಿದೆ. ಆಗಲೂ ಒಂದು ಸೈಟೂ ತೆರೆಯಲಿಲ್ಲ! ಆದರೆ ಪಿಂಗ್ 8.8.8.8 ಅಂತ ಕೊಟ್ಟರೆ, ಅಂದರೆ ಹೊರಗಿನ ಗೂಗಲ್‌ನ ಒಂದು ನಂಬರ್‌ಗೆ 'ಇದ್ದೀಯಾ' ಅಂತ ಕೇಳಿದರೆ, ಉತ್ತರ ಬರುತ್ತಿತ್ತು. ಇಲ್ಲೇ ಗುಟ್ಟು ಇರೋದು. ನಂಬರ್‌ಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಲೈನ್ ಸರಿಯಿದೆ, ಸಾಮಾನ್ಯವಾಗಿ ಕೆಟ್ಟಿರುವುದು ಡಿಎನ್‌ಎಸ್. ನಾವು ಟೈಪ್ ಮಾಡುವ ಸೈಟಿನ ಹೆಸರಿಗೆ ನಂಬರ್ ಯಾವುದು ಅಂತ ಹುಡುಕಿಕೊಡುವುದು ಅದೇ. ಆ ಜಾಗದಲ್ಲೂ ಹಳೆಯ ರೂಟರ್‌ನ ನಂಬರೇ ಇತ್ತು. ಕೊನೆಗೆ ಎಲ್ಲವನ್ನೂ 'ಆಟೋಮ್ಯಾಟಿಕ್'ಗೆ ಹಾಕಿದೆ. ಒಂದು ರೂಪಾಯಿ ಖರ್ಚಿಲ್ಲದೆ ಅಂಗಡಿ ನಡೆಯಿತು.

ಇದು ಇಂಜಿನಿಯರ್‌ಗಳಿಗೆ ಮಾತ್ರ ಗೊತ್ತಿರಬೇಕಾದ ವಿದ್ಯೆ ಅಲ್ಲ. ಗ್ಯಾಸ್ ಸಿಲಿಂಡರ್ ತಂದವರು ಲೀಕ್ ಇದೆಯಾ ನೋಡಿ ಹೋಗುತ್ತಾರೆ ಅಲ್ವಾ? ನೆಟ್ ಹಾಕುವವರು ಮಾತ್ರ ವೈಫೈ ಪಾಸ್‌ವರ್ಡ್ ಒಂದನ್ನು ಹೇಳಿ ಬೈಕ್ ಹತ್ತುತ್ತಾರೆ. ರೂಟರ್‌ಗೆ ಲಾಗಿನ್ ಆಗುವ ಪಾಸ್‌ವರ್ಡ್ ಬೇರೆಯೇ ಇದೆ, ಅದು ಎಷ್ಟೋ ಮನೆಗಳಲ್ಲಿ ಇನ್ನೂ 'ಅಡ್ಮಿನ್' ಅಂತಲೇ ಇರುತ್ತದೆ. ಕೆಟ್ಟ ಸಾಫ್ಟ್‌ವೇರ್ ಒಳಗೆ ಬಂದು ಡಿಎನ್‌ಎಸ್ ಬದಲಿಸಿಬಿಟ್ಟರೆ, ನಾವು ಬ್ಯಾಂಕಿನ ಹೆಸರು ಸರಿಯಾಗಿಯೇ ಟೈಪ್ ಮಾಡಿದ್ದರೂ ಕಳ್ಳರ ಪುಟಕ್ಕೆ ಹೋಗಿ ಬೀಳುವ ಅಪಾಯವಿದೆ. ಸುಮ್ನೆ ಹೆದರಿಸುತ್ತಿಲ್ಲ. ಡಿಎನ್‌ಎಸ್‌ಚೇಂಜರ್ ಎಂಬ ಜಾಲ ಇದೇ ರೀತಿ 100ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರ್‌ಗಳನ್ನು ದಾರಿ ತಪ್ಪಿಸಿತ್ತು. 2011ರಲ್ಲಿ ಅಮೆರಿಕದ ಎಫ್‌ಬಿಐ ಅದನ್ನು ಹಿಡಿಯಿತು.

ಇನ್ನೊಂದು ವಿಷಯ. ನೆಟ್ ಹೋದಾಗ ಎಷ್ಟೋ ಜನ ರೂಟರ್‌ನ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ನಮ್ಮಲ್ಲಿ ಎಷ್ಟೋ ಕನೆಕ್ಷನ್‌ಗಳು ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಮೇಲೆ, ಅಂದರೆ ರೂಟರ್ ಕಂಪನಿಯ ಲೈನಿಗೆ ಲಾಗಿನ್ ಆಗುವ ವಿವರದ ಮೇಲೆ ನಡೆಯುತ್ತವೆ. ರೀಸೆಟ್ ಮಾಡಿದರೆ ಅವೂ ಅಳಿಸಿಹೋಗಬಹುದು, ಆಮೇಲೆ ಕಂಪನಿಯವರು ಬರುವ ತನಕ ಕಾಯಬೇಕು. ಸ್ವಿಚ್ ಆರಿಸಿ ಒಂದು ನಿಮಿಷ ಬಿಟ್ಟು ಹಾಕಿದರೆ ಸಾಕು.

ನಾನು ಕೇಳುವುದು ಇಷ್ಟೇ. ನೆಟ್ ಹಾಕುವ ಪ್ರತಿಯೊಬ್ಬರೂ ಗೇಟ್‌ವೇ ನಂಬರು, ಡಿಎನ್‌ಎಸ್ ನಂಬರು, ರೂಟರ್‌ನ ಲಾಗಿನ್, ಪಿಪಿಪಿಒಇ ವಿವರ ಇವನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಮನೆಯವರ ಕೈಗೆ ಕೊಟ್ಟು ಹೋಗಲಿ. ಅಡ್ಮಿನ್ ಪಾಸ್‌ವರ್ಡನ್ನು ಮನೆಯವರ ಎದುರಿಗೇ ಬದಲಿಸಲಿ. ನಿಮ್ಮ ಪತ್ರಿಕೆಯೂ ಇಂಥ ವಿಷಯಗಳಿಗೆ ವಾರಕ್ಕೊಮ್ಮೆ ಅರ್ಧ ಕಾಲಂ ಕೊಟ್ಟರೆ ಚೆನ್ನಾಗಿರುತ್ತದೆ. ಭಾವನ ಅಂಗಡಿಯಲ್ಲಿ ನಾನೇ ಒಂದು ಚೀಟಿ ಬರೆದು ರೂಟರ್ ಪಕ್ಕದ ಬೀರುವಿನ ಒಳಬಾಗಿಲಿಗೆ ಅಂಟಿಸಿ ಬಂದಿದ್ದೇನೆ.

– ನಿಮ್ಮ ಓದುಗ, ತುಮಕೂರು