ಮಧೂರಿಗೆ ಬೆಳಿಗ್ಗೆ, ಬೇಕಲಕ್ಕೆ ಸಂಜೆ

ಮಸ್ಕತ್
ನವೆಂಬರ್ ಮೊದಲ ವಾರ

ಪ್ರೀತಿಯ ಅಣ್ಣ, ಅತ್ತಿಗೆಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಜನವರಿ ಮೊದಲ ವಾರ ನಾವು ಬರುವ ಹೊತ್ತಿಗೇ ಶಿವಮೊಗ್ಗದಿಂದ ಅಕ್ಕ, ಭಾವ, ಮಕ್ಕಳು, ಭಾವನ ಅಪ್ಪ ಅಮ್ಮ ನೀರ್ಚಾಲಿನ ಮನೆಗೆ ಬರುವುದು ಗಟ್ಟಿಯಾಯಿತು. ಮೂರು ದಿನ ಎಲ್ಲರನ್ನೂ ಒಂದೇ ಗಾಡಿಯಲ್ಲಿ, ಒಳ್ಳೆಯ ಗೈಡ್ ಜೊತೆ ಕಾಸರಗೋಡು ತೋರಿಸೋಣ. ಗಾಡಿ ಹೇಳುವುದು, ಗೈಡ್ ಹುಡುಕುವುದು ನಿನ್ನ ಪಾಲಿಗೇ ಬರುವುದರಿಂದ ಒಂದೊಂದನ್ನೂ ಬಿಡಿಸಿ ಬರೆಯುತ್ತೇನೆ.

ಮೊದಲು ವಾರ. ಮಂಗಳವಾರ ಹೊರಟು ಗುರುವಾರ ಮುಗಿಸುವುದು ಒಳ್ಳೆಯದು. ಭಾನುವಾರ ಬೇಕಲದ ಕರಾವಳಿ ರಸ್ತೆಯಲ್ಲಿ ಗಾಡಿ ತೆವಳುತ್ತದೆ. ಡಿಸೆಂಬರ್ ಕೊನೆಯಲ್ಲಿ ಬೀಚ್ ಉತ್ಸವ ಇದ್ದ ವರ್ಷವಂತೂ ಪಳ್ಳಿಕ್ಕೆರೆ ದಾಟುವುದೇ ಕಷ್ಟ, ಅದಕ್ಕೇ ಹೊಸ ವರ್ಷ ಕಳೆಯಲಿ ಎಂದೆ. ಶಬರಿಮಲೆ ಯಾತ್ರೆಯ ಕಾಲವಾದ್ದರಿಂದ ಮಧೂರು ದೇವಸ್ಥಾನದಲ್ಲಿ ಮಾಲೆ ಹಾಕಿದವರ ಬಸ್ಸುಗಳು ಇದ್ದೇ ಇರುತ್ತವೆ. ಅಲ್ಲಿಗೆ ಬೇಗ ಮುಟ್ಟಬೇಕು, ಅಷ್ಟೆ.

ಗಾಡಿಯ ವಿಷಯ. ಎರಡು ಇನ್ನೋವಾ ಮಾಡಿದರೆ ಆರಾಮ ಎಂದು ಭಾವ ಹೇಳಿದರು. ಆದರೆ ಗೈಡ್ ಕೂರುವುದು ಒಂದರಲ್ಲಿ, ಇನ್ನೊಂದರವರಿಗೆ ಏನೂ ಕೇಳಿಸುವುದಿಲ್ಲ. ಇಳಿದ ಮೇಲೆ ಎಲ್ಲ ಮತ್ತೆ ಮೊದಲಿಂದ ಹೇಳಬೇಕು. ಆದ್ದರಿಂದ ಟೆಂಪೋ ಟ್ರಾವೆಲರ್ ಒಂದೇ ಸಾಕು. ಅಮ್ಮನೂ ಸೇರಿ ನಾವು ಹನ್ನೊಂದು ಜನ, ಜೊತೆಗೆ ಗೈಡ್. ಹನ್ನೆರಡು ಸೀಟಿನದ್ದು ಹೇಳಿದರೆ ಭರ್ತಿಯಾಗಿ ನೀರಿನ ಕ್ಯಾನ್ ಇಡಲೂ ಜಾಗ ಉಳಿಯದು, ಹದಿನೇಳು ಸೀಟಿನದ್ದು ಹೇಳು. ರಾತ್ರಿ ಮನೆಗೇ ಮರಳುವುದರಿಂದ ಪೆಟ್ಟಿಗೆಗಳ ಭಾರವಿಲ್ಲ. ಅದರ ಮೆಟ್ಟಿಲು ಎತ್ತರ, ಭಾವನ ಅಮ್ಮನಿಗೆ ಮೊಣಕಾಲು ನೋವು ಉಂಟು. ಮನೆಯ ಗಟ್ಟಿ ಮಣೆಯೊಂದನ್ನು ಒಳಗೆ ಹಾಕಿಬಿಡು, ಇಳಿಯುವಲ್ಲೆಲ್ಲ ಬೇಕಾದೀತು.

ಬಾಡಿಗೆ ಮಾತಾಡುವಾಗ ನಾಲ್ಕು ಸಂಗತಿ ಕೇಳು: ಕಿಲೋಮೀಟರ್ ಲೆಕ್ಕ ಶೆಡ್ಡಿನಿಂದಲೋ ನಮ್ಮ ಮನೆಯಿಂದಲೋ, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಕೊಡಲೇಬೇಕು, ಡ್ರೈವರ್ ಬಾಟಾ ಎಷ್ಟು, ಟೋಲ್ ಮತ್ತು ಪಾರ್ಕಿಂಗ್ ಯಾರದ್ದು. ಇದನ್ನು ವಾಟ್ಸಾಪಿನಲ್ಲಿ ಬರೆಸಿಕೊ. ಗುರುತಿನವರ ಬಿಳಿ ಬೋರ್ಡಿನ ಗಾಡಿ ಕಡಿಮೆಗೆ ಸಿಕ್ಕಿದರೂ ಬೇಡ. ಖಾಸಗಿ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಕೊನೆಯ ದಿನ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದರಿಂದ ಹಳದಿ ಬೋರ್ಡಿನ ಗಾಡಿಗೂ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇದೆಯೇ, ಅವಧಿ ಮುಗಿದಿಲ್ಲವೇ ಎಂದು ನೋಡು. ಇಲ್ಲದಿದ್ದರೆ ಗಡಿಯಲ್ಲೇ ಹೊತ್ತು ಹೋಗುತ್ತದೆ.

ಗೈಡ್ ಆಯ್ಕೆಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು. ಕನ್ನಡ ಚೆನ್ನಾಗಿ ಬರಬೇಕು, ಮಲಯಾಳವೂ ಬರಬೇಕು, ಮೂರೂ ದಿನ ಅವರೇ ಇರಬೇಕು. ಫೋನಿನಲ್ಲೇ ಒಂದು ಪ್ರಶ್ನೆ ಕೇಳು: ಬೇಕಲ ಕೋಟೆಯ ಗೋಡೆಯ ಕಂಡಿಗಳು ಬೇರೆ ಬೇರೆ ಎತ್ತರದಲ್ಲಿ ಏಕಿವೆ? ಮೇಲಿನದ್ದು ದೂರದ ಶತ್ರುವಿಗೆ, ನಡುವಿನದ್ದು ಹತ್ತಿರ ಬಂದವನಿಗೆ, ಕೆಳಗಿನದ್ದು ಗೋಡೆಯ ಬುಡಕ್ಕೆ ಬಂದವನಿಗೆ ಎಂದು ತಡವರಿಸದೆ ಹೇಳುವವರಾದರೆ ಕೋಟೆಯನ್ನು ಕಣ್ಣಿಟ್ಟು ನೋಡಿದವರು. ಸಿನಿಮಾ ಶೂಟಿಂಗ್ ಎಲ್ಲಾಯಿತು ಎಂದು ಶುರುಮಾಡುವವರು ನಮಗೆ ಬೇಡ.

ಗೈಡಿಗೆ ಮೊದಲೇ ಹೇಳಿಡಬೇಕಾದ್ದು ಇನ್ನೊಂದು ಉಂಟು. ನಮ್ಮ ಕೋಟೆಗಳನ್ನು ಹೊಳೆಯ ಜೊತೆ ತೋರಿಸಬೇಕು. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಹರಿಯುತ್ತವೆ. ಘಟ್ಟದ ಕಡೆಯ ಸರಕು ಹೊಳೆಯ ದಾರಿಯಲ್ಲಿ ಕಡಲಿಗೆ ಇಳಿಯುತ್ತಿದ್ದ ಕಾಲದಲ್ಲಿ ಅಳಿವೆಯನ್ನು ಹಿಡಿದವನ ಕೈಯಲ್ಲೇ ಸುಂಕ ಇರುತ್ತಿತ್ತು. ಚಂದ್ರಗಿರಿ ಮತ್ತು ಬೇಕಲದ ಕೋಟೆಗಳನ್ನು ಕಟ್ಟಿಸಿದ್ದು 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕ, ಅವನ ರಾಜಧಾನಿ ಬಿದನೂರು ಇಂದಿನ ಹೊಸನಗರ ತಾಲೂಕಿನ ನಗರ. ಎಂದರೆ ಭಾವನವರ ಊರಿನ ಅರಸ ನಮ್ಮ ಕಡಲ ಅಂಚಿಗೆ ಬಂದು ಕಟ್ಟಿದ ಗೋಡೆಗಳಿವು. ಶಿವಮೊಗ್ಗದ ಮಕ್ಕಳಿಗೆ ಇಲ್ಲಿಂದ ಶುರುಮಾಡಿದರೆ ಕೋಟೆ ಅವರದ್ದೂ ಆಗುತ್ತದೆ. ನನ್ನ ಮಕ್ಕಳಿಗೂ ಒಂದು ಕೊಂಡಿ ಸಿಗುತ್ತದೆ: ಕೆನರಾ ಕರಾವಳಿಯ ಅಕ್ಕಿ ಹಡಗಿನಲ್ಲಿ ಈ ಮಸ್ಕತ್ತಿಗೇ ಬರುತ್ತಿತ್ತು, ಮುಂದೆ ಟಿಪ್ಪುವಿನ ವ್ಯಾಪಾರದ ಕೋಠಿಯೂ ಇಲ್ಲಿತ್ತು.

ಮೊದಲ ದಿನ ಒಳನಾಡು. ದೇವಸ್ಥಾನದ ಹೊತ್ತೇ ನಮ್ಮ ಗಡಿಯಾರ. ಮಧ್ಯಾಹ್ನದ ಪೂಜೆಯಾಗಿ ನಡೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆಗೆ, ಹತ್ತು ಗಂಟೆಗೆ ಹೊರಟವರು ಮುಚ್ಚಿದ ಬಾಗಿಲು ನೋಡಿ ಬರುವುದು ಇದರಿಂದಲೇ. ಏಳಕ್ಕೆ ಮನೆ ಬಿಟ್ಟು ಮೊದಲು ಅನಂತಪುರ. ಮುರಕಲ್ಲಿನ, ಎಂದರೆ ಜಂಬಿಟ್ಟಿಗೆ ಕಲ್ಲಿನ, ಬೋಳು ಗುಡ್ಡದ ನಡುವೆ ಕೆರೆ, ಕೆರೆಯ ನಡುವೆ ಗುಡಿ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಎಂಬ ನಂಬಿಕೆ ಇರುವ ಜಾಗ. ಮಕ್ಕಳು ಕೇಳುವುದು ಮೊಸಳೆಯನ್ನೇ. ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿತು. ಅದು ಕಂಡೇ ಕಾಣುತ್ತದೆ ಎಂದು ಯಾರೂ ಮಾತು ಕೊಡಬೇಡಿ.

ಅಲ್ಲಿಂದ ಬೇಳದ ಇಗರ್ಜಿ. 1890ರಲ್ಲಿ ಕಟ್ಟಿದ್ದು, ಗಾಥಿಕ್ ಶೈಲಿ. ಮನೆಯ ಹತ್ತಿರವೇ ಇರುವುದರಿಂದ ನಾವು ಅದರ ಎದುರು ಹಾದು ಹೋಗುವುದೇ ಹೆಚ್ಚು, ಈ ಸಲ ಒಳಗೆ ಹೋಗೋಣ. ಹತ್ತೂವರೆಯೊಳಗೆ ಮಧೂರು. ಮುಖ್ಯ ದೇವರು ಮದನಂತೇಶ್ವರ, ಹೆಸರು ಮಾಡಿದವನು ಗಣಪತಿ ಎಂಬುದನ್ನು ಗೈಡ್ ಹೇಳಲಿ. ಆನೆಯ ಬೆನ್ನಿನ ಆಕಾರದ ಗಜಪೃಷ್ಠ ಛಾವಣಿಯನ್ನು ನೋಡಬೇಕಾದ್ದು ಹೊರಗಿನ ಅಂಗಳದಿಂದ, ಮೂರು ನೆಲೆಯೂ ಒಟ್ಟಿಗೆ ಕಾಣುತ್ತವೆ. ಮಧುವಾಹಿನಿ ಹೊಳೆ ಪಕ್ಕದಲ್ಲೇ. ಜೋರು ಮಳೆಗೆ ನೀರು ಒಳಾಂಗಣಕ್ಕೇ ಏರುವುದುಂಟು, ಈ ತಿರುಗಾಟವನ್ನು ಮಳೆಗಾಲಕ್ಕೆ ಇಡಬಾರದೆನ್ನುವುದಕ್ಕೆ ಅದೂ ಒಂದು ಕಾರಣ. ಗಂಡಸರು ಅಂಗಿ ತೆಗೆಯಬೇಕಾಗುವುದರಿಂದ ಟಿ-ಶರ್ಟ್ ಬದಲು ಗುಂಡಿಯ ಅಂಗಿ, ಹೆಗಲಿಗೆ ಒಂದೊಂದು ಬೈರಾಸು. ಅಪ್ಪದ ಪ್ರಸಾದಕ್ಕೆ ಹೋದ ಕೂಡಲೇ ರಶೀದಿ ಮಾಡಿಸಿಬಿಡು.

ಮನೆಯಲ್ಲಿ ಊಟ, ಹಿರಿಯರಿಗೆ ನಿದ್ರೆ. ಮೂರು ಗಂಟೆಗೆ ಉಳಿದವರು ಪೆರ್ಲದ ಕಡೆಗೆ ಹೋಗಿ ಒಂದು ಸುರಂಗ ನೋಡಬೇಕು. ನನ್ನ ಮಟ್ಟಿಗೆ ಮೂರು ದಿನದಲ್ಲಿ ಇದೇ ಮುಖ್ಯ, ಬೇರೆ ಊರಿನವರಿಗೆ ಇದು ಸುಲಭಕ್ಕೆ ನೋಡಸಿಗುವುದಿಲ್ಲ. ಪಡ್ರೆ, ಬಾಯಾರು ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು ನೀರು ತಂದಿದ್ದಾರಲ್ಲ, ಸುಮಾರು ಎರಡಡಿ ಅಗಲ, ಆರಡಿ ಎತ್ತರ, ಒಬ್ಬ ಆಳು ಪಿಕಾಸಿ ಬೀಸುವಷ್ಟೇ ಜಾಗ. ಕೆಲವು ಹತ್ತಡಿಗೇ ನೀರು ಕೊಟ್ಟಿವೆ, ಕೆಲವು ಮುನ್ನೂರು ಮೀಟರ್‌ವರೆಗೂ ಹೋಗಿವೆ. ಬಾಯಿಯ ಕಡೆಗೆ ತುಸು ಇಳಿಜಾರು ಕೊಟ್ಟಿರುವುದರಿಂದ ಪಂಪು, ಕರೆಂಟು ಏನೂ ಬೇಡದೆ ನೀರು ತಾನಾಗಿ ಕೆರೆಗೆ ಬೀಳುತ್ತದೆ. ಮುರಕಲ್ಲು ಒಳಗಿರುವಾಗ ಮೆದು, ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿ. ಈ ಗುಣದಿಂದಲೇ ಸುರಂಗ ಕೊರೆಯಲು ಬಂತು, ಇದೇ ಕಲ್ಲನ್ನು ಕಡಿದು ಕೋಟೆ ಕಟ್ಟಲೂ ಬಂತು. ಮೊದಲ ದಿನವೇ ಇದನ್ನು ನೋಡಿದರೆ ಮರುದಿನ ಬೇಕಲದ ಗೋಡೆ ಮುಟ್ಟುವಾಗ ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ. ಸುರಂಗಗಳೆಲ್ಲ ಖಾಸಗಿ ತೋಟಗಳಲ್ಲಿವೆ, ಯಜಮಾನರಿಗೆ ಹಿಂದಿನ ದಿನವೇ ಫೋನ್ ಮಾಡಿ ಕೇಳು. ಬಾಯಿಯ ಹತ್ತಿರ ನಿಂತು ಟಾರ್ಚ್ ಹಾಕಿ ನೋಡಿದರೆ ಸಾಕು, ಮಕ್ಕಳನ್ನು ಒಳಗೆ ಬಿಡಬಾರದು. ಬಾವಲಿ, ಹಾವು ಇರುತ್ತವೆ, ಮಣ್ಣು ಕುಸಿಯಲೂಬಹುದು.

ಎರಡನೆಯ ದಿನ ಕಡಲ ಬದಿ. ಡ್ರೈವರ್ ರೂಢಿಯಂತೆ ಹೆದ್ದಾರಿ ಹಿಡಿದರೆ ಚೆರ್ಕಳ, ಪೊಯಿನಾಚಿ, ಪೆರಿಯ ಸುತ್ತಿ ಒಳಗಿನಿಂದ ಹೋಗುತ್ತಾನೆ, ಕಡಲೂ ಇಲ್ಲ ಹೊಳೆಯೂ ಇಲ್ಲ. ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಸೇತುವೆ, ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು ಎಂದು ಕರಾವಳಿ ರಸ್ತೆಯಲ್ಲೇ ಹೋಗಬೇಕೆಂದು ಹೊರಡುವ ಮೊದಲೇ ಹೇಳು. ಮ್ಯಾಪಿನಲ್ಲಿ ಬರೇ ಚಂದ್ರಗಿರಿ ಕೋಟೆ ಎಂದು ಹಾಕಿದರೆ ತಿರುಪತಿ ಹತ್ತಿರದ್ದನ್ನೂ ತೋರಿಸೀತು, ಮೇಲ್ಪರಂಬ ಸೇರಿಸಿ ಹುಡುಕಬೇಕು. ಕಾಞಂಗಾಡಿನ ಹೊಸದುರ್ಗಕ್ಕೂ ಹೀಗೆಯೇ, ಚಿತ್ರದುರ್ಗ ಜಿಲ್ಲೆಗೆ ದಾರಿ ತೋರಿಸಿಬಿಡಬಹುದು.

ಬೆಳಿಗ್ಗೆ ತಳಂಗರೆಯ ಮಾಲಿಕ್ ದೀನಾರ್ ಮಸೀದಿಯನ್ನು ಹೊರಗಿನಿಂದ ನೋಡಿ, ಅಲ್ಲಿಯವರನ್ನು ಕೇಳಿ, ಒಳಗೆ ಬಿಟ್ಟಷ್ಟು ಹೋಗುವುದು. ಆಮೇಲೆ ಹೊಳೆ ದಾಟಿ ಚಂದ್ರಗಿರಿ ಕೋಟೆ. ತುಳುನಾಡಿಗೂ ಮಲಯಾಳ ನಾಡಿಗೂ ಹಿಂದಿನಿಂದ ಗಡಿ ಎಂದು ಎಣಿಸಿದ್ದು ಈ ಚಂದ್ರಗಿರಿ ಹೊಳೆಯನ್ನೇ, ಎಂದರೆ ಪಯಸ್ವಿನಿಯನ್ನೇ, ಕಡಲ ಮಟ್ಟದಿಂದ ಸುಮಾರು 150 ಅಡಿ ಎತ್ತರದಲ್ಲಿರುವ ಕೋಟೆಯ ಗೋಡೆಯ ಮೇಲೆ ನಿಂತರೆ ಎರಡೂ ದಡ ಕಾಣುತ್ತವೆ. ಗಡಿಯ ಮಾತನ್ನು ಗೈಡ್ ಅಲ್ಲೇ ಹೇಳಲಿ, ಬಸ್ಸಿನಲ್ಲಿ ಬೇಡ. ಕೋಟೆಯ ಹತ್ತಿರ ಅಂಗಡಿಯಾಗಲಿ ಶೌಚಾಲಯವಾಗಲಿ ಸಿಗುವುದನ್ನು ನಂಬಬೇಡ, ಪೇಟೆಯಲ್ಲೇ ಎಲ್ಲ ಮುಗಿಸಿ ಹೊರಡಬೇಕು.

ಹನ್ನೆರಡರಿಂದ ಮೂರರವರೆಗೆ ಬೇಕಲ ಬೇಡವೇ ಬೇಡ. ನಲವತ್ತು ಎಕರೆ ಬಯಲು, ನೆರಳು ಕಡಿಮೆ, ಕೆಂಪು ಕಲ್ಲು ಕಾದಿರುತ್ತದೆ, ಹಿರಿಯರು ಅರ್ಧಕ್ಕೇ ಸುಸ್ತಾಗಿ ಮರದ ಬುಡ ಹುಡುಕುತ್ತಾರೆ. ಆ ಹೊತ್ತಿಗೆ ಕಾಞಂಗಾಡಿಗೆ ಹೋಗಿ ಊಟ ಮಾಡಿ 1931ರಲ್ಲಿ ಸ್ವಾಮಿ ರಾಮದಾಸರು ಕಟ್ಟಿದ ಆನಂದಾಶ್ರಮದಲ್ಲಿ ಸ್ವಲ್ಪ ಕೂರುವುದು. ಮಧ್ಯಾಹ್ನ ಯಾವ ಹೊತ್ತಿಗೆ ಬಿಡುತ್ತಾರೆಂದು ಕೇಳಿಡು. ಮೂರೂವರೆಗೆ ಬೇಕಲದ ಟಿಕೆಟ್ ಕೌಂಟರಿನಲ್ಲಿರಬೇಕು. ಸೂರ್ಯಾಸ್ತವನ್ನು ಕೋಟೆಯೊಳಗೇ ನೋಡುತ್ತೇವೆಂದು ತಡವಾಗಿ ಬರುವವರು ಸೋಲುತ್ತಾರೆ, ಕತ್ತಲಾಗುವ ಮೊದಲೇ ಕಾವಲಿನವರು ಹೊರಡಿಸುತ್ತಾರೆ. ಬಾಗಿಲ ಬಳಿಯ ಮುಖ್ಯಪ್ರಾಣನಿಗೆ ಕೈ ಮುಗಿದು, ಮೆಟ್ಟಿಲ ಕೆರೆ, ಸಿಡಿಮದ್ದಿನ ಮನೆ, ನಡುವಿನ ವೀಕ್ಷಣಾ ಗೋಪುರ, ಕೊನೆಗೆ ಕಡಲಿಗೆ ಚಾಚಿದ ಬುರುಜು. ಹಿರಿಯರು ಕೆರೆ ಮತ್ತು ಗೋಪುರದ ಹತ್ತಿರವೇ ಉಳಿಯಲಿ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ ಮೇಲೆ ಕೆಳದಿಯವರ ಕರಾವಳಿಯೂ ಕೈಬಿಟ್ಟಿತು, ಟಿಪ್ಪುವಿನ ನಂತರ ಇಂಗ್ಲಿಷರು. ಐದಕ್ಕೆ ಹೊರಬಂದು ಪಳ್ಳಿಕ್ಕೆರೆ ಬೀಚಿನಲ್ಲಿ ಕುಳಿತರೆ ಮುಳುಗುವ ಸೂರ್ಯ, ಪಕ್ಕದಲ್ಲಿ ಕೋಟೆ, ಎರಡೂ ಸಿಗುತ್ತವೆ. ಬಂಡೆಗಳ ಕಡೆ ಮಕ್ಕಳು ನೀರಿಗೆ ಇಳಿಯಬಾರದು.

ಮೂರನೆಯ ದಿನ ಬಡಗು ದಿಕ್ಕು: ಕುಂಬಳೆ, ಆರಿಕ್ಕಾಡಿ ಕೋಟೆ, ಮಂಜೇಶ್ವರ. ಅಕ್ಕನವರು ಅಲ್ಲಿಂದಲೇ ಮಂಗಳೂರಿಗೆ ದಾಟುವುದರಿಂದ ಇದನ್ನು ಕೊನೆಗೆ ಇಟ್ಟೆ, ಆ ದಿನ ಮಾತ್ರ ಅವರ ಪೆಟ್ಟಿಗೆ ಗಾಡಿಯಲ್ಲಿರುತ್ತದೆ. ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಎಂದು ಭಾವನ ಅಪ್ಪನಿಗೆ ಹೇಳಿದರೆ ಖುಷಿಯಾದೀತು, ಅವರಿಗೆ ಯಕ್ಷಗಾನದ ಹುಚ್ಚು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥವಾದ ಮೇಲೆ ಒಂದು ಜಾಗ್ರತೆ ಬೇಕು: ಊರಿನೊಳಗೆ ಹೋಗಲು ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿಯಬೇಕು. ತಪ್ಪಿದರೆ ಮುಂದಿನ ಅಂಡರ್‌ಪಾಸ್‌ವರೆಗೆ ಹೋಗಿ ತಿರುಗಬೇಕು. ಆರಿಕ್ಕಾಡಿ ಕೋಟೆ ಹೆದ್ದಾರಿ ಬದಿಯಲ್ಲೇ ಕಂಡರೂ ಅಲ್ಲೇ ಗಾಡಿ ನಿಲ್ಲಿಸುವ ಹಾಗಿಲ್ಲ. ಫಾಸ್ಟ್ಯಾಗಿನಲ್ಲಿ ಹಣ ಇದೆಯೇ ಎಂದು ಹಿಂದಿನ ರಾತ್ರಿ ಕೇಳು.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಬಿಡಬಾರದು. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ್ದು ಅವರನ್ನೇ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಸಂಗತಿಯನ್ನು ಮಕ್ಕಳಿಗೆ ಹೇಳಲು ಅದಕ್ಕಿಂತ ತಕ್ಕ ಜಾಗವಿಲ್ಲ, ಅಲ್ಲಿ ನೀನೇ ಮಾತಾಡು, ಗೈಡಿಗೆ ಬಿಡಬೇಡ.

ರಾಣಿಪುರ ಬೆಟ್ಟ ಸೇರಿಸು ಎಂದು ಅಕ್ಕನ ಮಗ ಹಟ ಹಿಡಿದಿದ್ದಾನಂತೆ. ಈ ಸಲ ಬೇಡ. ನೀರ್ಚಾಲಿನಿಂದ ಹೋಗಿ ಬರಲು ಇಡೀ ದಿನ ಬೇಕು, ತಿರುವುಗಳಲ್ಲಿ ಮಕ್ಕಳಿಗೆ ವಾಂತಿ, ಮೇಲೆ ನಡೆದು ಹತ್ತಬೇಕು. ಹಿರಿಯರು ಗಾಡಿಯಲ್ಲೇ ಕೂತಿರಬೇಕಾಗುತ್ತದೆ.

ಅತ್ತಿಗೆ, ಎರಡನೆಯ ದಿನದ ಬೆಳಗಿನ ತಿಂಡಿಗೆ ಎಲೆಯಲ್ಲಿ ಬೇಯಿಸುವ ಕೊಟ್ಟಿಗೆ ಮಾಡಿ ಕಟ್ಟಿಕೊಂಡರೆ ಹೋಟೆಲಿನಲ್ಲಿ ಕಾಯುವ ಒಂದು ಗಂಟೆ ಉಳಿಯುತ್ತದೆ. ಜೊತೆಗೆ ಒಂದು ಕ್ಯಾನ್ ಮಜ್ಜಿಗೆ ನೀರು. ಎಳನೀರಿನ ಬೊಂಡ ದಾರಿಯಲ್ಲೇ ಸಿಗುತ್ತದೆ.

ಅಣ್ಣ, ಡಿಸೆಂಬರ್ ಹತ್ತರೊಳಗೆ ಗಾಡಿಗೆ ಮುಂಗಡ ಕೊಟ್ಟುಬಿಡು, ಹಣ ಇವತ್ತೇ ನಿನ್ನ ಖಾತೆಗೆ ಹಾಕುತ್ತೇನೆ. ಗೈಡ್ ಒಪ್ಪಿದ ಕೂಡಲೇ ಅವರ ನಂಬರ್ ಕಳಿಸು, ಹೊಳೆ ಮತ್ತು ಕೋಟೆಯ ವಿಷಯ ನಾನೇ ಮಾತಾಡುತ್ತೇನೆ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ